ಮೆಲ್ಲಗೆ ಎಂಬವಳು ಊರು ಬಿಟ್ಟದ್ದು

ಪ್ಲಗ್ಗಿನ ಕಥೆ ಗೊತ್ತಿಲ್ಲದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಹೊಸದಾಗಿ ಬಂದವರು ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಕನ್ನಡಕದವ ಅದನ್ನು ಅವರ ಕಿವಿಗೂ ಹಾಕಿಬಿಡುತ್ತಿದ್ದ.

ಪೇಟೆಯ ತಿರುವಿನಲ್ಲಿರುವ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ, ಅಂಚು ಸವರಿ, ಚೌಕಟ್ಟಿಗೆ ಕೂರಿಸುವುದು ಅವನ ಕೆಲಸ. ವಯಸ್ಸು ನಲವತ್ತು ದಾಟಿತ್ತು. ಮದುವೆಯ ಮಾತು ಬಂದರೆ ಸಾಕು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಿದ್ದ. ಅಮ್ಮ, ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅಕ್ಕ, ಅಕ್ಕನ ಮಗಳು ಚಿಟಿಕೆ ಮತ್ತು ಅವನು, ಆ ಚಿಕ್ಕ ಮನೆಯಲ್ಲಿ ಇದ್ದವರು ಇಷ್ಟೇ. ಹುಟ್ಟಿದಾಗ ಒಂದು ಚಿಟಿಕೆಯಷ್ಟೇ ಇದ್ದಳಂತೆ ಆ ಹುಡುಗಿ. ಈಗ ಮಾಮನ ಭುಜ ಮುಟ್ಟುತ್ತಿದ್ದರೂ ಹೆಸರು ಮಾತ್ರ ಹಾಗೇ ಉಳಿದುಕೊಂಡಿತ್ತು.

ಪ್ಲಗ್ಗಿನ ಕಥೆ ಇಷ್ಟು. ಅವನು ಹುಡುಗನಾಗಿದ್ದಾಗ ಟಿವಿಗೆ ಪೆಟ್ಟಿಗೆ ಜೋಡಿಸಿ ಆಡುವ 'ಕಪ್ಪುಕೋಟೆ' ಎಂಬ ಆಟವಿತ್ತು. ಕತ್ತಿಯವನು, ಮದ್ದಿನವಳು, ಮಂತ್ರದವನು, ಕಳ್ಳ, ಹೀಗೆ ನಾಲ್ಕು ಜನರ ತಂಡ ಕಟ್ಟಿಕೊಂಡು ಊರೂರು ಅಲೆಯಬೇಕು. ಸಣ್ಣಪುಟ್ಟ ದೆವ್ವಗಳನ್ನು ಬಡಿದು ಬಲ ಹೆಚ್ಚಿಸಿಕೊಂಡು, ಕೊನೆಗೆ ಕೋಟೆಯ ದೊರೆಯನ್ನು ಎದುರಿಸಬೇಕು. ತಂಗುಮನೆಗೆ ಹೋಗಿ ಮಲಗಿದರೆ ಮಾತ್ರ ಆಟ ಉಳಿಯುತ್ತಿತ್ತು. ಇಲ್ಲದಿದ್ದರೆ ಆಡಿದ್ದೆಲ್ಲ ಮಣ್ಣುಪಾಲು. ಒಂದಿಡೀ ರಜೆ ಕೂತು ಆಡಿ, ದೊರೆಯ ಪ್ರಾಣ ಇನ್ನೇನು ಒಂದೇ ಏಟಿನಷ್ಟು ಉಳಿದಿದೆ ಅನ್ನುವಾಗ ಅಮ್ಮ ಪೊರಕೆ ಹಿಡಿದು ಬಂದಳು. "ಕಣ್ಣು ಕುರುಡಾಗುತ್ತೆ, ಏಳೋ ಮೇಲೆ" ಎಂದವಳೇ ಪ್ಲಗ್ ಕಿತ್ತುಬಿಟ್ಟಳು. ಆ ಎಳೆತಕ್ಕೆ ಪೆಟ್ಟಿಗೆಯೂ ಸತ್ತಿತು.

ಕಥೆ ಇಲ್ಲಿಗೆ ಬಂದಾಗ ಕನ್ನಡಕದವ ಅಮ್ಮನ ಕಡೆ ಕೈ ತೋರಿಸಿ ಕೊನೆಯ ಮಾತು ಬಿಡುತ್ತಿದ್ದ. "ಕಣ್ಣು ಹೋಗುತ್ತೆ ಅಂತ ಇವಳು ಅಂದಳು. ನಾನು ಹೋಗಿ ಕನ್ನಡಕದ ಅಂಗಡೀಲೇ ಕೂತ್ಕೊಂಡೆ."

ಎಲ್ಲರೂ ನಗುತ್ತಿದ್ದರು. ಅಮ್ಮನೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಎಷ್ಟು ವರ್ಷಗಳಿಂದ ಅದೇ ಕಥೆಗೆ ಅದೇ ನಗು! ಆ ನಗುವನ್ನು ಕಣ್ಣಿಟ್ಟು ನೋಡಬೇಕು ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

ಭಾನುವಾರ ಸಂಜೆ ಮಾತ್ರ ಅವನನ್ನು ಯಾರೂ ಮಾತನಾಡಿಸುವಂತಿರಲಿಲ್ಲ. ಅವನ ಹಳೆಯ ಗೆಳೆಯರಿಬ್ಬರು, ಬಡಗಿ ಮತ್ತು ದಪ್ಪ ಗಾಜಿನ ಕನ್ನಡಕದ ಸೋಡಾಬುಡ್ಡಿ, ಫೋನಿನಲ್ಲಿ ಜೊತೆಯಾಗುತ್ತಿದ್ದರು. ಮೂವರಿಗೂ ಇದ್ದದ್ದು ಒಂದೇ ಜಗಳ. ಕಪ್ಪುಕೋಟೆ ದೊಡ್ಡದೋ, ಅದರ ಮರುವರ್ಷ ಬಂದ 'ಉಪ್ಪಿನ ದೊರೆ' ದೊಡ್ಡದೋ?

"ಉಪ್ಪಿನ ದೊರೇಲಿ ಸಂಗೀತ ಇತ್ತಪ್ಪ. ಆ ಸಮುದ್ರದ ಊರಿನ ಸಂಗೀತ ಈಗ್ಲೂ ಮರಕ್ಕೆ ರಂದಾ ಹೊಡೆಯುವಾಗ ಬಾಯಲ್ಲಿ ಬರುತ್ತೆ" ಎಂದು ಬಡಗಿ.

"ಸಂಗೀತ ಇಟ್ಕೊಂಡು ಏನು ಮಾಡ್ತೀಯ? ಕಪ್ಪುಕೋಟೆ ಚೀಲದಲ್ಲಿ ಹತ್ತು ಸಾಮಾನೂ ಹಿಡೀತಿರ್ಲಿಲ್ಲ. ಯಾವುದು ಇಟ್ಕೋಬೇಕು, ಯಾವುದು ಬಿಡಬೇಕು ಅಂತ ತಲೆ ಓಡಿಸ್ಬೇಕಿತ್ತು. ಅದು ಆಟ" ಎಂದು ಕನ್ನಡಕದವ.

"ಈಗಿನವು?" ಎಂದು ಸೋಡಾಬುಡ್ಡಿ.

"ಈಗಿನವು ಆಟ ಅಲ್ಲ ಮಾರಾಯ, ಜೋಗುಳ. ತಾನೇ ಉಳಿಸ್ಕೊಳ್ಳುತ್ತೆ, ತಾನೇ ದಾರಿ ತೋರಿಸುತ್ತೆ. ಇನ್ನು ಅನ್ನ ಕಲಸಿ ಬಾಯಿಗಿಡೋದೊಂದು ಬಾಕಿ."

ಚಿಟಿಕೆಯ ಕೈಯಲ್ಲಿದ್ದುದೂ ಅಂಥ ಒಂದು ಆಟವೇ. ಅಂಗೈ ಅಗಲದ ಪೆಟ್ಟಿಗೆಯಲ್ಲಿ ಆಡುವುದು, 'ಹೊಳೆಯಾಚೆ' ಎಂದು ಅದರ ಹೆಸರು. ಅದರಲ್ಲೂ ತಂಡ, ಊರು, ದೆವ್ವ ಎಲ್ಲವೂ ಇದ್ದವು. ಆದರೆ ಅವಸರ ಮಾತ್ರ ಇರಲಿಲ್ಲ. ಹೂ ಕೀಳಬಹುದು, ಕುದುರೆ ಸಾಕಬಹುದು, ಬಾವಿಕಟ್ಟೆಯ ಮೇಲೆ ಸುಮ್ಮನೆ ಕೂರಬಹುದು. ಚಿಟಿಕೆ ಏನಾದರೂ ತೋರಿಸಲು ಬಂದರೆ ಮಾಮ ಮೂಗು ಮುರಿಯುತ್ತಿದ್ದ. "ನಮ್ಮ ಕಾಲದಲ್ಲಿ..." ಎಂದು ಅವನು ಬಾಯಿ ತೆಗೆಯುವಷ್ಟರಲ್ಲಿ ಅವಳು ಅಲ್ಲಿಂದ ಮಾಯ.

ಶಾಲೆಯವರು ಮಕ್ಕಳನ್ನು ಒಂದು ವಾರದ ಪ್ರವಾಸಕ್ಕೆ ಕರೆದೊಯ್ಯುವುದಾಯಿತು. ಅಂಥ ಪೆಟ್ಟಿಗೆಗಳನ್ನೆಲ್ಲ ತರಕೂಡದು ಎಂದರಂತೆ. ಹೊರಡುವ ಬೆಳಗ್ಗೆ ಚಿಟಿಕೆ ಅದನ್ನು ತಂದು ಮಾಮನ ಕೈಗಿಟ್ಟಳು.

"ಮಾಮ, ದಿನಾ ಒಂದ್ಸಲ ಕುದುರೆಗೆ ಹುಲ್ಲು ಹಾಕು. ಅಷ್ಟೇ. ಬೇರೆ ಏನೂ ಮುಟ್ಟಬೇಡ."

"ಈ ಜೋಗುಳದಲ್ಲಿ ಮುಟ್ಟೋಕೆ ತಾನೇ ಏನಿದೆ?"

"ಅದಕ್ಕೇ ಹೇಳ್ತಿರೋದು. ಏನೂ ಇಲ್ಲ ಅಂತ ಬುದ್ಧಿವಂತಿಕೆ ಮಾಡಬೇಡ." ಹೀಗೆಂದ ಚಿಟಿಕೆ ಒಮ್ಮೆ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಮೊರದಲ್ಲಿದ್ದ ಬಟಾಣಿಯಿಂದ ಮುಖ ಎತ್ತಲಿಲ್ಲ.

ಮೊದಲ ದಿನ ಕನ್ನಡಕದವ ಹುಲ್ಲು ಹಾಕಿ ಮುಚ್ಚಿಟ್ಟ. ಎರಡನೆಯ ದಿನ ಹುಲ್ಲು ಹಾಕಿದ ಮೇಲೆ, ಈ ಹುಡುಗಿ ಆಡುವುದಾದರೂ ಹೇಗೆ ನೋಡೋಣ ಎಂದು ಚೀಲ ತೆರೆದ. ತೆರೆದವನು ಹಣೆ ಚಚ್ಚಿಕೊಂಡ. ಎಂಥ ಚೀಲ! ಮೂಲೆಮೂಲೆಗೂ ಕಾಡುಹೂ, ಬೆಣಚುಕಲ್ಲು, ಒಣಗಿದ ಎಲೆ. ಕತ್ತಿಗೆ ಸಾಣೆ ಇಲ್ಲ, ಮದ್ದಿನ ಸೀಸೆ ಒಂದೂ ಇಲ್ಲ. ತಂಡದಲ್ಲಿದ್ದ ನಾಲ್ವರಲ್ಲಿ ಮೂವರು ಪರವಾಗಿಲ್ಲ ಅನ್ನುವಂತಿದ್ದರು. ನಾಲ್ಕನೆಯವಳಿಗೆ ಹುಲ್ಲಿನ ಟೋಪಿ, ಕೈಯಲ್ಲೊಂದು ಬುಟ್ಟಿ. ಹೆಸರು 'ಮೆಲ್ಲಗೆ'. ಬಲ ಮೊದಲನೆಯ ಮಟ್ಟದಲ್ಲೇ ನಿಂತುಬಿಟ್ಟಿತ್ತು. ಮೂವರು ಇಷ್ಟು ದೂರ ಬಂದಿದ್ದರೂ ಇವಳು ಒಂದು ಇಲಿಯನ್ನೂ ಹೊಡೆದವಳಲ್ಲ.

ಅವನ ಬೆರಳುಗಳಿಗೆ ಹಳೆಯ ಹುರುಪು ಬಂತು. ಚೀಲ ಹಗುರ ಮಾಡುವುದು, ದುರ್ಬಲರನ್ನು ಕಳಿಸಿ ಗಟ್ಟಿಗರನ್ನು ಸೇರಿಸಿಕೊಳ್ಳುವುದು ಕಪ್ಪುಕೋಟೆ ಆಡಿದವರಿಗೆ ಉಸಿರಾಡಿದಷ್ಟು ಸಹಜ. ಹೂ, ಕಲ್ಲು, ಎಲೆ ಎಲ್ಲವನ್ನೂ ಊರಿನ ಅಂಗಡಿಗೆ ಮಾರಿ ಮದ್ದಿನ ಸೀಸೆ ಕೊಂಡ. ಆಮೇಲೆ ಮೆಲ್ಲಗೆಯ ಮೇಲೆ ಬೆರಳಿಟ್ಟ. 'ಇವರನ್ನು ಕಳಿಸಿಕೊಡಲೇ?' ಎಂದು ಆಟ ಕೇಳಿತು. ಹೌದು ಎಂದ. 'ಇವರು ಮತ್ತೆ ಮರಳಿ ಬರುವುದಿಲ್ಲ. ಆದರೂ?' ಎಂದಿತು. ಹೌದು ಎಂದ. ಹುಲ್ಲಿನ ಟೋಪಿಯವಳು ತಲೆ ಬಾಗಿಸಿ ಹೊಳೆಯ ಪಕ್ಕದ ದಾರಿ ಹಿಡಿದಳು. ನಡುನಡುವೆ ನಿಂತು ಹೂ ನೋಡುತ್ತಾ ಹೋದಳು. ಅವಳು ಕಣ್ಣಿಗೆ ಮರೆಯಾಗಲು ಬಹಳ ಹೊತ್ತು ಹಿಡಿಯಿತು. ಇದಕ್ಕೂ ಕನ್ನಡಕದವನಿಗೆ ಬೇಸರವಾಯಿತು. ಹೋಗುವವಳು ಬೇಗ ಹೋಗಬಾರದೇ?

ಅವಳ ಜಾಗಕ್ಕೆ ಈಟಿ ಹಿಡಿದ ಗಟ್ಟಿಮುಟ್ಟಾದವನೊಬ್ಬ ಬಂದ. ಅವನು ಬಂದ ಮೇಲೆ, ಚಿಟಿಕೆ ಗೆಲ್ಲದೆ ಬಿಟ್ಟಿದ್ದ ಎರಡು ಗುಹೆಗಳನ್ನೂ ಅಮ್ಮ ಊಟಕ್ಕೆ ಕರೆಯುವಷ್ಟರಲ್ಲಿ ಕನ್ನಡಕದವ ಗೆದ್ದು ಮುಗಿಸಿದ. ಹುಡುಗಿ ಬಂದು ನೋಡಿದರೆ ಕುಣಿದಾಡುತ್ತಾಳೆ ಎಂದುಕೊಂಡ.

ಮರುದಿನ ಅಂಗಡಿಯಿಂದ ಬಂದಾಗ ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಚಹಾ ಕೊಟ್ಟಳು, ಸಕ್ಕರೆ ಹಾಕಲು ಮರೆತಿದ್ದಳು. ಅದರ ಮರುದಿನವೂ ಮುಖ ಸಪ್ಪೆಯಾಗೇ ಇತ್ತು. ಮೈ ಹುಷಾರಿಲ್ಲವೇ ಎಂದು ಅಕ್ಕ ಹಣೆ ಮುಟ್ಟಿ ನೋಡಿ ಆಸ್ಪತ್ರೆಗೆ ಹೋದಳು. ಆ ಸಂಜೆ ಅಮ್ಮ ತನ್ನ ಕನ್ನಡಕವನ್ನು ಮಡಿಸಿ ಮಗನ ಮುಂದಿಟ್ಟಳು.

"ಇದನ್ನ ನೀನೇ ಇಟ್ಕೋ. ನಂಗೆ ಇನ್ನು ಬೇಡ."

ಅದು ಕೆಲವು ತಿಂಗಳ ಹಿಂದೆ ಅವನೇ ಕೂರಿಸಿಕೊಟ್ಟ ಗಾಜು. ಓದುವ ಕನ್ನಡಕ ಇದ್ದರೂ, ಪುಸ್ತಕಕ್ಕಿಂತ ತುಸು ದೂರ, ಮಡಿಲಲ್ಲಿಟ್ಟುಕೊಂಡದ್ದು ಕಾಣುವಂಥದ್ದು ಬೇಕು ಎಂದು ಅಮ್ಮ ಕೇಳಿದ್ದಳು. ಹೊಲಿಗೆಗೆ ಇರಬೇಕು ಎಂದುಕೊಂಡು ಅವನು ಕೂದಲೆಳೆಯಷ್ಟೂ ತಪ್ಪದಂತೆ ಮಾಡಿದ್ದ. ಕೆಲಸಗಾರನ ಅಭಿಮಾನಕ್ಕೆ ಚುಚ್ಚಿದಂತಾಯಿತು.

"ಯಾಕಮ್ಮ, ಮಸುಕಾ? ತಲೆನೋವು ಬರುತ್ತಾ?"

"ಇಲ್ಲ ಕಣೋ, ಚೆನ್ನಾಗೇ ಕಾಣುತ್ತೆ. ನೋಡೋಕೇ ಏನೂ ಇಲ್ಲ."

"ಹಾಗಂದ್ರೆ?"

ಅಮ್ಮ ಮೇಜಿನ ಮೇಲಿದ್ದ ಒಂದು ತುಣುಕು ದಾರವನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು. ಬಿಚ್ಚಿದಳು. ಬೇರೆ ಯಾರದ್ದೋ ಸುದ್ದಿ ಕೇಳುವವಳ ಹಾಗೆ ಕೇಳಿದಳು. "ಆ ಮಗು ಆಟದಲ್ಲಿ ಹುಲ್ಲಿನ ಟೋಪಿ ಹಾಕ್ಕೊಂಡೋಳು ಒಬ್ಬಳು ಇದ್ದಳಲ್ಲ. ಎಲ್ಲಿ ಹೋದಳೋ?"

ಕನ್ನಡಕದವ ಒಮ್ಮೆ ಕನ್ನಡಕ ನೋಡಿದ, ಒಮ್ಮೆ ಅಮ್ಮನ ಮಡಿಲು ನೋಡಿದ. ಮುಂದಿದ್ದ ಕನ್ನಡಕ, ಮಡಿಲಿನ ದೂರ, ಅಂಗೈ ಅಗಲದ ಪೆಟ್ಟಿಗೆ ಮೂರೂ ಒಂದಕ್ಕೊಂದು ಕೂತವು. ತಾನೇ ಅಳೆದು ಕೊಟ್ಟ ದೂರ ಯಾತಕ್ಕೆಂದು ತನಗೇ ತಿಳಿದಿರಲಿಲ್ಲ.

"ಅವಳು... ನಿನ್ನವಳಾ?"

"ನಂದೇನಲ್ಲ. ಅದು ಚಿಟಿಕೆ ಮಾಡ್ಕೊಟ್ಟಿದ್ದು" ಎಂದಳು ಅಮ್ಮ. ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಗುವಿನ ಹಾಗೆ ಅವಳ ಮುಖ ಕೆಂಪಾಗಿತ್ತು. "ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಂದಿಷ್ಟು ಹೊತ್ತು. ನಂಗೆ ಹೊಡೆದಾಟ ಎಲ್ಲ ಬರಲ್ಲ. ಬಾವಿ ಸುತ್ತ ನಡೆಸ್ತಿದ್ದೆ. ಹೂ ಕೀಳ್ತಿದ್ದೆ. ಒಂದೊಂದು ಹೂವಿಗೂ ಒಂದೊಂದು ಮಾತು ಬರುತ್ತಲ್ಲ, ಅದನ್ನ ಓದ್ತಿದ್ದೆ. ನಾನು ತುಂಬಾ ನಿಧಾನ ಅಂತ ಅವಳೇ ಆ ಹೆಸರು ಇಟ್ಟಳು."

ಕನ್ನಡಕದವ ಎದ್ದುಹೋಗಿ ಪೆಟ್ಟಿಗೆ ತಂದ. ಅವನ ಕೈಗೆ ನೆನಪಾದದ್ದು ಒಂದೇ ಉಪಾಯ. ಕಪ್ಪುಕೋಟೆಯಲ್ಲಿ ಏನಾದರೂ ಎಡವಟ್ಟಾದರೆ ತಂಗುಮನೆಗೆ ಹೋಗದೆ ಫಕ್ಕನೆ ಆರಿಸಿಬಿಡುತ್ತಿದ್ದರು. ಮತ್ತೆ ಹಚ್ಚಿದರೆ ಹಿಂದಿನದು ಹಿಂದಿನಂತೆಯೇ ಇರುತ್ತಿತ್ತು. ಗುಂಡಿ ಒತ್ತಿ ಆರಿಸಿದ, ಹಚ್ಚಿದ. ಈಟಿಯವನು ಎದೆ ಸೆಟೆಸಿ ನಿಂತಿದ್ದ. ಮತ್ತೆ ಆರಿಸಿದ, ಮತ್ತೆ ಹಚ್ಚಿದ. ತಾನೇ ಉಳಿಸಿಕೊಳ್ಳುವ ಆಟ ಎಲ್ಲವನ್ನೂ ಅಚ್ಚುಕಟ್ಟಾಗಿ ಉಳಿಸಿಕೊಂಡಿತ್ತು. ಆಟದೊಳಗಿನ ಅಂಗಡಿಗೆ ಓಡಿದರೆ ಅಂಗಡಿಯವನು ಹೂಗಳನ್ನೆಲ್ಲ ಆಗಲೇ ಮಾರಿಯಾಗಿತ್ತು.

"ಬಿಡೋ, ಅದನ್ನ ಯಾಕೆ ಹಾಗೆ ಅದುಮ್ತೀಯ? ಹಾಳಾದೀತು" ಎಂದಳು ಅಮ್ಮ.

"ನಾನೇ ಕಳಿಸಿದ್ದು ಅಮ್ಮ. ಸುಮ್ಮನೆ ಜಾಗ ಹಿಡ್ಕೊಂಡಿದಾಳೆ ಅಂತ."

"ಹೂಂ. ಹಿಡ್ಕೊಂಡೇ ಇದ್ದಳು" ಎಂದು ಅಮ್ಮ ನಕ್ಕಳು. ಪ್ಲಗ್ಗಿನ ಕಥೆಗೆ ನಗುತ್ತಿದ್ದ ಅದೇ ನಗು. ಬಾಯಿಗೆ ಕೈ ಅಡ್ಡ ಬಂದಿತ್ತು. ಈ ಸಲ ಅವನು ಅದನ್ನು ಪೂರ್ತಿ ನೋಡಿದ. ಕೈಯ ಮೇಲಿನ ಕಣ್ಣುಗಳು ನಗುತ್ತಿರಲಿಲ್ಲ.

"ನಿಂಗೆ ಯಾವಾಗಿಂದ ಈ ಆಟದ ಹುಚ್ಚು?" ಎಂದು ಕೇಳಿದ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ಹುಚ್ಚು ಅಲ್ಲ. ನೀನು ಆ ಕಥೆ ಹೇಳ್ದಾಗೆಲ್ಲ ಎಲ್ರೂ ನಗ್ತಾರೆ, ನಾನೂ ನಗ್ತೀನಿ. ಆದ್ರೆ ನಾನು ಕಿತ್ತಿದ್ದು ಏನು ಅಂತ ನಂಗೇ ಗೊತ್ತಿರ್ಲಿಲ್ಲ. ವೈರು ಕಿತ್ತೆ ಅಂದ್ಕೊಂಡಿದ್ದೆ. ಮಗ ಇಷ್ಟು ವರ್ಷ ಹೇಳ್ತಾನೆ ಅಂದ್ಮೇಲೆ ಅದರೊಳಗೆ ಏನೋ ಇದ್ದಿರಬೇಕಲ್ಲ. ಅಂಥದ್ದೇನನ್ನ ಹಾಳು ಮಾಡಿದೆ, ನೋಡೋಣ ಅನ್ನಿಸ್ತು."

"ನನ್ನನ್ನೇ ಕೇಳಬಹುದಿತ್ತಲ್ಲಮ್ಮ?"

"ಕೇಳಿದ್ದೆ."

ಎಷ್ಟು ಮೆಲ್ಲಗೆ ಅಂದಳೆಂದರೆ, ಅದು ದೂರು ಅನ್ನಿಸಲೂ ಇಲ್ಲ. ಆದರೆ ಕನ್ನಡಕದವನಿಗೆ ನೆನಪು ನುಗ್ಗಿ ಬಂತು. ಯಾವುದೋ ಒಂದು ಭಾನುವಾರ ಗೆಳೆಯರು ಫೋನಿನಲ್ಲಿದ್ದಾಗ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು, "ಇದನ್ನೆಲ್ಲ ಹೇಗೋ ಆಡೋದು? ನಂಗೂ ಒಂಚೂರು ತೋರಿಸು" ಎಂದಿದ್ದಳು. ಅವನು ಗೋಡೆಯ ಕಡೆ ಕೈ ಮಾಡಿ, "ನಿಂಗೆ ಬೇಕಾದ ಪ್ಲಗ್ ಅಲ್ಲಿದೆ ನೋಡಮ್ಮ" ಎಂದಿದ್ದ. ಸೋಡಾಬುಡ್ಡಿ ಕೆಮ್ಮು ಬರುವಷ್ಟು ನಕ್ಕಿದ್ದ. ಅಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು.

ಅವಳು ಪ್ಲಗ್ ಕಿತ್ತಾಗ ಒಳಗೇನಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ತನಗೆ? ಆಟ ಒಮ್ಮೆಯಲ್ಲ, ಎರಡು ಸಲ ಕೇಳಿತ್ತು.

ಉಳಿದ ದಿನಗಳಲ್ಲಿ ಅವನು ಕುದುರೆಗೆ ಹುಲ್ಲು ಹಾಕಿದ್ದು ಬಿಟ್ಟರೆ ಬೇರೇನನ್ನೂ ಮುಟ್ಟಲಿಲ್ಲ. ಊಟಕ್ಕೆ ಕೂತರೆ ಅಮ್ಮನ ಮುಖ ನೋಡಲಾಗುತ್ತಿರಲಿಲ್ಲ. ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲೀಕನಿಂದ ಬೈಸಿಕೊಂಡ. ಬೈದದ್ದು ಒಂದು ರೀತಿ ಹಿತವಾಯಿತು. ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲವಲ್ಲ. ಚಿಟಿಕೆ ಬಂದ ಕೂಡಲೇ ತಾನೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದ. ಮನೆ ಹತ್ತಿರವಾದಂತೆ ಜೋಡಿಸಿದ್ದೆಲ್ಲ ಕಳಚಿಕೊಳ್ಳುತ್ತಿತ್ತು. ಚಿಟಿಕೆಗೆ ಹೇಳುವುದೆಂದರೆ ಅಮ್ಮನ ಎದುರೇ ಹೇಳಬೇಕು. ಇದುವರೆಗೆ ಅಮ್ಮನ ತಪ್ಪನ್ನೇ ನಗೆಯಾಗಿ ಮಾರಿಕೊಂಡು ಬಂದವನಿಗೆ ತನ್ನದನ್ನು ಇಡಲು ಜಾಗವೇ ಸಿಗಲಿಲ್ಲ.

ಚಿಟಿಕೆ ಬಂದವಳು ಬೂಟು ಬಿಚ್ಚುವ ಮೊದಲೇ ಪೆಟ್ಟಿಗೆ ಎತ್ತಿಕೊಂಡಳು. ಬಾಗಿಲಲ್ಲೇ ಕೂತು ಹಚ್ಚಿದಳು. "ಕುದುರೆ ದಪ್ಪ ಆಗಿದೆ! ವಾ ಮಾಮ!" ಎಂದಳು. ಆಮೇಲೆ ತಂಡದ ಪಟ್ಟಿ ತೆರೆದಳು.

"ಅಜ್ಜಿ," ಎಂದಳು. ಧ್ವನಿ ಬೇರೆಯಾಗಿತ್ತು. "ಮೆಲ್ಲಗೆ ಎಲ್ಲಿ?"

ಕನ್ನಡಕದವ ಎದ್ದು ನಿಂತ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಅಮ್ಮನ ಮಾತು ಬಂತು.

"ನಾನೇ ಏನೋ ಒತ್ತಿಬಿಟ್ಟೆ ಕಣೇ."

ಅವನ ಎದೆ ಹಗುರಾಯಿತು. ಎಂಥ ನಾಚಿಕೆಗೇಡು! ಮೊದಲು ಬಂದದ್ದು ಆ ಹಗುರವೇ. ಹೊತ್ತಿದ್ದ ಮೂಟೆಯನ್ನು ಯಾರೋ ಹೆಗಲಿಂದ ಇಳಿಸಿಕೊಂಡಂತೆ. ಗಂಟಲಿಗೆ ಬಂದಿದ್ದ ಮಾತು ತಾನಾಗಿಯೇ ಒಳಗಿಳಿಯಿತು.

"ಅಜ್ಜೀ! ಎಷ್ಟು ಸಲ ಹೇಳಿದೀನಿ, ಕೇಳಿದ್ದಕ್ಕೆಲ್ಲ ಹೌದು ಅನ್ನಬೇಡ ಅಂತ! ಹೂವೆಲ್ಲ ಹೋಯ್ತು. ನೀನೇ ಕಿತ್ತಿದ್ದು! ಏನು ಒತ್ತಿದೆ, ಹೇಗೆ ಒತ್ತಿದೆ?"

"ಗೊತ್ತಾಗ್ಲಿಲ್ಲಮ್ಮ. ಕಣ್ಣು ಮಂಜು ನೋಡು."

ಚಿಟಿಕೆ ಕೋಪದಲ್ಲೇ ನಕ್ಕುಬಿಟ್ಟಳು. "ಅಜ್ಜಿ ತನ್ನನ್ನ ತಾನೇ ಊರು ಬಿಡಿಸ್ಕೊಂಡ್ಲು. ಮಾಮ, ನಿಂಗೆ ಇನ್ನೊಂದು ಕಥೆ ಸಿಕ್ತು ನೋಡು, ಭಾನುವಾರಕ್ಕೆ."

ಅಮ್ಮನ ಕೈ ಬಾಯಿಗೆ ಅಡ್ಡ ಬರುತ್ತಿತ್ತು. ಅರ್ಧ ಬಂದಿತ್ತು.

"ಅವಳಲ್ಲ," ಎಂದ ಕನ್ನಡಕದವ. ಯಾರಿಗೂ ಕೇಳಿಸಲಿಲ್ಲ ಎಂದು ತೋರಿತು. ಮತ್ತೆ ಅಂದ, "ಅಜ್ಜಿ ಏನೂ ಒತ್ತಿಲ್ಲ. ನಾನು. ಹೂ ಮಾರಿದ್ದೂ ನಾನೇ. ನಂಗೆ ಎಲ್ಲ ಗೊತ್ತು ಅಂದ್ಕೊಂಡು ಮಾಡಿದ್ದು. ಈಗ ಅವಳು ಅಂದಾಗ್ಲೂ ಸುಮ್ನೆ ನಿಂತಿದ್ದೆ ನೋಡು, ಅದೂ ನಾನೇ."

ಚಿಟಿಕೆ ಬೈದಿದ್ದರೆ ಚೆನ್ನಾಗಿತ್ತು. ಅವಳು ಮಾಮನನ್ನು ನೋಡಿದಳು, ಪೆಟ್ಟಿಗೆ ನೋಡಿದಳು. ಒಂದು ಕಾಲಿಗೆ ಬೂಟು ಹಾಗೇ ಇತ್ತು. "ಅಜ್ಜಿ ಮಧ್ಯಾಹ್ನ ಅದಕ್ಕೇ ಕಾಯ್ತಿದ್ಲು, ಮಾಮ" ಎಂದಷ್ಟೇ ಹೇಳಿ ಒಳಗೆ ಹೋದಳು.

"ಯಾಕೋ ಹೇಳೋಕೆ ಹೋದೆ? ನನ್ನ ಲೆಕ್ಕದಲ್ಲಿ ಹೋಗ್ತಿತ್ತಲ್ಲ" ಎಂದಳು ಅಮ್ಮ. ಎಷ್ಟೋ ವರ್ಷಗಳಿಂದ ಎಲ್ಲವೂ ಹೋಗುತ್ತಿದ್ದದ್ದು ಅವಳ ಲೆಕ್ಕದಲ್ಲೇ.

ಕನ್ನಡಕವನ್ನು ಒರೆಸಿ ಅಮ್ಮನ ಮುಂದೆ ಹಿಡಿದ. ಅವಳು ತಕ್ಷಣ ತೆಗೆದುಕೊಳ್ಳಲಿಲ್ಲ. ಒಲೆಯ ಮೇಲಿನ ಹಾಲು ಇಳಿಸಿ, ಕೈ ಒರೆಸಿಕೊಂಡು, ಆಮೇಲೆ ತೆಗೆದುಕೊಂಡಳು.

ಭಾನುವಾರ ಗೆಳೆಯರು ಎಂದಿನಂತೆ ಸೇರಿದರು. ಬಡಗಿ ಉಪ್ಪಿನ ದೊರೆಯ ಹಾಡು ಗುನುಗಿದ, ಸೋಡಾಬುಡ್ಡಿ ಅದು ರಾಗವೇ ಅಲ್ಲ ಎಂದ. ಬಡಗಿಯ ಅಂಗಡಿಗೆ ಹೊಸದಾಗಿ ಸೇರಿದ ಕೆಲಸದವನೂ ಅಂದು ಫೋನಿನಲ್ಲಿದ್ದ. "ಇವನಿಗೆ ಆ ಪ್ಲಗ್ಗಿನ ಕಥೆ ಹೇಳೋ" ಎಂದ ಬಡಗಿ.

"ಇನ್ನು ಅದನ್ನ ಹೇಳಲ್ಲ."

"ಯಾಕೆ, ಏನಾಯ್ತು?"

ಒಳಗಿನಿಂದ ಅಮ್ಮನ ಕೂಗು ಬಂತು. "ಹೇಳೋ, ಚೆನ್ನಾಗಿದೆ! ಹೊಸಬ್ರು ಕೇಳ್ತಿದಾರೆ!"

ಅವಳು ಚುಚ್ಚಬೇಕೆಂದು ಅನ್ನಲಿಲ್ಲ. ಅದು ಅವಳ ಒಳ್ಳೆಯತನ. ಅದಕ್ಕೇ ಅವನಿಗೆ ತಲೆ ಎತ್ತಲಾಗಲಿಲ್ಲ. ಫೋನನ್ನು ಆ ಕೈಯಿಂದ ಈ ಕೈಗೆ ಬದಲಿಸಿದ.

"ಬೇರೆ ಒಂದಿದೆ" ಎಂದ. "ಒಬ್ಬಳಿದ್ದಳು. ಹೆಸರು ಮೆಲ್ಲಗೆ. ಹುಲ್ಲಿನ ಟೋಪಿ ಹಾಕ್ಕೊಂಡು ಬಾವಿ ಸುತ್ತ ನಡೀತಿದ್ದಳು."

"ಯಾವ ಮಟ್ಟ?" ಸೋಡಾಬುಡ್ಡಿ ಕೇಳಿದ.

"ಒಂದು."

"ಇಷ್ಟು ಆಡಿಯೂ ಒಂದೇ?" ಮೂವರೂ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಅವರ ನಗು ಮುಗಿಯಲಿ ಎಂದು ಕಾದ. ಕಾಯುವಾಗ ಒಳಗಿನ ಕೋಣೆಯಿಂದ ಚಿಟಿಕೆಯ ಪಿಸುಮಾತು ಕೇಳಿಸಿತು, "ಅದಲ್ಲ ಅಜ್ಜಿ, ಪಕ್ಕದ್ದು." ಅದರ ಹಿಂದೆಯೇ ಗುಂಡಿ ಒತ್ತುವ ಸದ್ದು. ಒಂದು. ಬಹಳ ಹೊತ್ತಿನ ಮೇಲೆ, ಇನ್ನೊಂದು.

"ಆಮೇಲೆ?" ಎಂದ ಬಡಗಿ.

"ಆಮೇಲೆ ನಾನು ಬಂದೆ" ಎಂದ ಕನ್ನಡಕದವ.